ಎಂಟು ಸೆಕೆಂಡಿನ ಬಚ್ಚಣ್ಣ

ಮೊನ್ನೆ ಕಿರಿಮಂಜೇಶ್ವರದಲ್ಲೊಂದು ಗೃಹಪ್ರವೇಶಕ್ಕೆ ಹೋಗಿದ್ದೆ. ನಾಲ್ಕು ದಿನ ಹಿಡಿದಿದ್ದ ಮಳೆ ಸರಿಯಾಗಿ ಊಟದ ಹೊತ್ತಿಗೆ ನಿಂತು ಬಿಸಿಲು ಬಿತ್ತು. ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಪಕ್ಕದ ಮನೆಯಾಕೆ ಓಡಿ ಬಂದು ಚಾಪೆ ಬಿಡಿಸಿ, ಅರ್ಧಂಬರ್ಧ ಒಣಗಿದ ಚಟ್ಲಿಯನ್ನು, ಅಂದರೆ ಸಿಗಡಿಯನ್ನು, ಹರವುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೊಂದು ಹಳೆಯ ಕಂಪ್ಯೂಟರ್ ನೆನಪಾಯಿತು. ಒಣ ಚಟ್ಲಿಗೂ ಕಂಪ್ಯೂಟರಿಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಿದರೆ ಉದ್ದ ಕತೆ ಹೇಳಬೇಕಾಗುತ್ತದೆ. ಬ್ರಹ್ಮಾವರಕ್ಕೆ ವಾಪಸು ಬರುವ ಬಸ್ಸಿನಲ್ಲಿ ಇಡೀ ದಾರಿ ಆ ಕತೆಯನ್ನು ನನಗೆ ನಾನೇ ಹೇಳಿಕೊಂಡೆ.

ತೊಂಬತ್ತೆಂಟರ ಮಳೆಗಾಲ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಬೈಂದೂರಿನಲ್ಲಿ ಅಪ್ಪಯ್ಯನ ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಬಂದವರೆಲ್ಲ ಬಾಗಿಲಲ್ಲೇ ನಿಂತು, "ಅಪ್ಪಯ್ಯ ಇಲ್ಯಾ?" ಎಂದು ಕೇಳುವವರೇ. ನಾನೇ ನೋಡುತ್ತೇನೆ ಅಂದರೆ, "ಅಡ್ಡಿಲ್ಲೆ, ಮತ್ತ್ ಬತ್ತೆ" ಅಂದು ಟಿವಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಅದಕ್ಕೇ ನನ್ನ ಪಾಲಿಗೆ ಉಳಿದದ್ದು ಹಿಂದಿನ ಕೋಣೆಯ ಕಪಾಟು. ರಿಪೇರಿಗೆ ಕೊಟ್ಟು ಯಾರೂ ಒಯ್ಯದ ಸಾಮಾನೆಲ್ಲ ಅಲ್ಲಿ ಬಿದ್ದಿರುತ್ತಿತ್ತು.

ಆ ಕಂಪ್ಯೂಟರ್ ಇದ್ದದ್ದೂ ಅಲ್ಲೇ. ಈಗಿನವರು ನೋಡಿದರೆ ಬರೀ ಕೀಬೋರ್ಡ್ ಅಂದಾರು. ದಪ್ಪ ಕೀಲಿಮಣೆಯ ಒಳಗೇ ಇಡೀ ಯಂತ್ರ ಇರುತ್ತಿತ್ತು. ಟಿವಿಗೆ ಸಿಕ್ಕಿಸಿದರೆ ಅದೇ ಪರದೆ. ಎಂಬತ್ತರ ದಶಕದಲ್ಲಿ ಬೊಂಬಾಯಿಯಿಂದ ಬಂದ ಯಾರೋ ಕೊಟ್ಟು ಹೋದದ್ದಂತೆ. ಅದರ ಬೆನ್ನಿಗೆ ಸಿಕ್ಕಿಸುವ ಒಂದು ಬೋರ್ಡೂ ಜೊತೆಗಿತ್ತು. ಕಂಪ್ಯೂಟರಿಗೆ ಹುಟ್ಟಿನಿಂದ ಬಾರದ ಕೆಲಸವನ್ನು ಕಲಿಸಲು ಹವ್ಯಾಸಿಗಳು ಮನೆಯಲ್ಲೇ ಬೆಸುಗೆ ಹಾಕಿ ಇಂಥ ಬೋರ್ಡುಗಳನ್ನು ಮಾಡಿಕೊಳ್ಳುತ್ತಿದ್ದರು. ಆ ಪುಣ್ಯಾತ್ಮ ತನ್ನ ಕಂಪ್ಯೂಟರಿಗೆ ತಬಲಾ ಕಲಿಸಿದ್ದ. ಒಂದೊಂದು ಕೀಲಿ ಒತ್ತಿದರೆ ಧಾ, ತಿನ್, ಧಿನ್ ಎಂದು ಒಂದೊಂದು ಬಡಿತ ಬರುತ್ತಿತ್ತು. ಗಿರಾಕಿಗಳಿಲ್ಲದ ಮಧ್ಯಾಹ್ನ ನಾನದನ್ನು ಬಡಿಯುತ್ತಾ ಕೂತರೆ ಅಪ್ಪಯ್ಯ, "ಡಿಪ್ಲೊಮಾ ಓದ್ಸದ್ ಇದ್ಕಾ?" ಅನ್ನುತ್ತಿದ್ದರು.

ಜೂನ್ ಕೊನೆಯಲ್ಲಿ ಒಂದು ದಿನ ಕಿರಿಮಂಜೇಶ್ವರದ ಗಿರಿಜಕ್ಕ ಒದ್ದೆ ಕೊಡೆ ಮಡಚುತ್ತಾ ಬಂದಳು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಟೇಪ್‌ರೆಕಾರ್ಡರ್, ಅದರ ಹೊಟ್ಟೆಯೊಳಗೆ ಸಿಕ್ಕಿಕೊಂಡ ಕ್ಯಾಸೆಟ್ಟು.

"ಹ್ವಾಯ್, ಇದನ್ ಒಂಚೂರ್ ಕಾಣಿ. ಮಿಷನ್ ಹೋರೆ ಹೋಯ್ಲಿ, ಟೇಪ್ ಹರಿಪುಕಾಗ. ಇದ್ರಗ್ ಇವ್ರ್ ಸ್ವರ ಇತ್ತ್."

ಇವರು ಅಂದರೆ ಅವಳ ಗಂಡ ಬಚ್ಚಣ್ಣ. ಅಲ್ಲಿಯ ಕಡಲ ದಂಡೆಯಲ್ಲಿ ಮೀನು ಹರಾಜು ಕೂಗುತ್ತಿದ್ದವನು. ದೋಣಿ ದಡಕ್ಕೆ ಬಂದು ಬುಟ್ಟಿ ಇಳಿಸಿದರೆ ಅವನ ಕೂಗು ಹೆದ್ದಾರಿಗೆ ಕೇಳುತ್ತಿತ್ತು. ಹಿಂದಿನ ವರ್ಷ ಅವನ ಸ್ವರ ಒಡೆಯತೊಡಗಿದಾಗ ಅವನ ತಾಯಿ ಅಕ್ಕಣಿಯಮ್ಮ, ಕೂಗಿ ಕೂಗಿ ಹಾಗಾದದ್ದು ಎಂದು ಕಾಳುಮೆಣಸಿನ ಕಷಾಯ ಕುಡಿಸಿದಳು, ಕೊಲ್ಲೂರಿಗೆ ಹರಕೆ ಹೇಳಿಕೊಂಡಳು. ಗಂಟಲಿಗೆ ಕತ್ತಿ ಹಾಕಿಸಬೇಡ ಎಂದು ಅತ್ತು ಕರೆದು ಐದು ತಿಂಗಳು ತಡೆದಳು. ಕೊನೆಗೆ ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು. ಜೀವ ಉಳಿಯಿತು, ಸ್ವರಪೆಟ್ಟಿಗೆ ತೆಗೆದರು. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಇದೆಯಂತೆ, ಹೊರಗಿನಿಂದ ತರಿಸಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ.

"ನಂಗ್ ಕೈ ಸನ್ನಿ ಮಾಡ್ರೆ ತಿಳಿತ್ತ್," ಅಂದಳು ಗಿರಿಜಕ್ಕ. "ಅತ್ತಿಗ್ ಎಂತ ತಿಳಿತ್ತ್? ಕಣ್ ಹೋಯಿ ಎಂಟ್ ವರ್ಷ ಆಯ್ತ್. ಮಗ ಮನಿಯಗ್ ಇದ್ನಾ, ಹೊರ್ಗ್ ಹೋದ್ನಾ, ಒಂದೂ ಗೊತ್ತಾತಿಲ್ಲೆ. ನಾ ಹೇಳ್ರೆ ಕೇಂತಿಲ್ಲೆ. ಎರಡ್ ತಿಂಗ್ಳಾಯ್ತ್, ಸಮಾ ಉಂತಿಲ್ಲೆ. ಈ ಟೇಪ್ ಹಾಕ್ರೆ ಮಾತ್ರ ಎದ್ದ್ ಕೂಕಂತ್ತ್."

ಕ್ಯಾಸೆಟ್ಟಿನಲ್ಲಿ ಇದ್ದದ್ದು ಒಂದು ಹರಾಜು. ದುಬೈಯಿಂದ ಬಂದ ನೆಂಟನೊಬ್ಬ ಹೊಸ ಟೇಪ್‌ರೆಕಾರ್ಡರಿನ ಹುಮ್ಮಸ್ಸಿನಲ್ಲಿ ದಂಡೆಯಲ್ಲಿ ನಿಂತು ಧ್ವನಿ ಹಿಡಿದದ್ದು. ನಾನು ಸಿಕ್ಕಿಕೊಂಡ ಟೇಪನ್ನು ಬಿಡಿಸಿ, ಪೆನ್ಸಿಲ್ಲಿನಿಂದ ಸುತ್ತಿ, ಬೇರೆ ಯಂತ್ರಕ್ಕೆ ಹಾಕಿ ಕೇಳಿಸಿದೆ. ಗಿರಿಜಕ್ಕ ಕಣ್ಣೊರೆಸಿಕೊಂಡಳು. ನಾನು ಹಿಂದೆಮುಂದೆ ನೋಡದೆ, ಈ ಸ್ವರವನ್ನು ತುಂಡು ತುಂಡು ಮಾಡಿ ತಬಲಾದ ಜಾಗದಲ್ಲಿ ಕೂರಿಸುತ್ತೇನೆ, ಬಚ್ಚಣ್ಣ ಕೀಲಿ ಒತ್ತಿದರೆ ಬಚ್ಚಣ್ಣನೇ ಮಾತಾಡುತ್ತಾನೆ ಅಂದುಬಿಟ್ಟೆ. ಅವಳ ಮೇಲಿನ ಕನಿಕರ ಅರ್ಧ. ಇನ್ನರ್ಧ, ನನ್ನನ್ನೂ ಒಬ್ಬಳು ರಿಪೇರಿಯವಳು ಎಂದು ನಂಬಿ ಬಂದಳಲ್ಲ ಎಂಬ ಜಂಬ. ಅವಳು ಹೋದ ಮೇಲೆ ಅಪ್ಪಯ್ಯ ಬೆಸುಗೆ ಕಡ್ಡಿ ಕೆಳಗಿಟ್ಟು ನನ್ನನ್ನೇ ನೋಡಿದರು.

"ಒಪ್ಕಂಬುಕ್ ಮುಂಚೆ ಒಂಚೂರ್ ಆಲೋಚ್ನಿ ಮಾಡುದಿಲ್ಯಾ ನೀನ್?"

ಎರಡು ದಿನ ಬಿಟ್ಟು ಬಚ್ಚಣ್ಣ ಬಂದ. ಕುತ್ತಿಗೆಯ ತೂತು ಕಾಣದಂತೆ ಬೈರಾಸು ಸುತ್ತಿದ್ದ, ಕೈಯಲ್ಲಿ ಶಾಲೆ ಮಕ್ಕಳ ಸ್ಲೇಟು. ನಾನು ಮೊದಲೇ ಒಂದು ಪಟ್ಟಿ ಮಾಡಿಟ್ಟಿದ್ದೆ: ನೀರು ಬೇಕು, ಔಷಧಿ ಕೊಡಿ, ನೋವಾಗುತ್ತಿದೆ. ಟೇಪಿನಲ್ಲಿ ಇಲ್ಲದ ಮಾತನ್ನು ಅಪ್ಪಯ್ಯನ ಸ್ವರದಲ್ಲಿ ಹಿಡಿದು ಸೇರಿಸುವುದು ಎಂಬ ಲೆಕ್ಕಾಚಾರ. ಬಚ್ಚಣ್ಣ ಓದಿ ನೋಡಿ ಸ್ಲೇಟಿನಲ್ಲಿ ಬರೆದ: "ನೀರ್ ನಾನೇ ಕುಡಿತೆ. ಅಬ್ಬಿಗ್ ಕೇಂಬುದ್ ನನ್ ಸ್ವರ ಆಯ್ಕ್." ನನಗೆ ಮುಖಕ್ಕೆ ಹೊಡೆದ ಹಾಗಾಯಿತು, ಆದರೆ ಅವನು ಹೇಳಿದ್ದು ಸರಿಯೇ, ತಾಯಿಗೆ ಕೇಳಬೇಕಾದದ್ದು ಮಗನ ಸ್ವರ.

ಬೋರ್ಡಿನಲ್ಲಿ ಸದ್ದನ್ನು ನೆನಪಿಟ್ಟುಕೊಳ್ಳುವ ಚಿಪ್ಪು ಒಂದೇ, ಅದರಲ್ಲಿ ಹಿಡಿಯುವುದು ಎಂಟೇ ಸೆಕೆಂಡಿನ ಸದ್ದು. ಇಪ್ಪತ್ತು ನಿಮಿಷದ ಹರಾಜಿನಲ್ಲಿ ಯಾವ ಎಂಟು ಸೆಕೆಂಡು? ಬಚ್ಚಣ್ಣ ತಲೆ ತಗ್ಗಿಸಿ ತನ್ನದೇ ಕೂಗನ್ನು ಕೇಳುತ್ತಾ ಕೂತ. ಬೇಕಾದ ಮಾತು ಬಂದಾಗ ಬೆರಳೆತ್ತುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಹ್ವಾಯ್. ಬತ್ತೆ. ಎಂತ. ಹೌದ್. ಆಯ್ತ್. ಕಾಣ್. ಇನ್ನೊಂದ್ ಸಲ. ಮತ್ತೆ ನಗು, ಬರೀ ನಗು. ತನ್ನ ನಗುವನ್ನು ಕೇಳುವಾಗ ಅವನು ಕಿಟಕಿಯ ಕಡೆಗೆ ತಿರುಗಿದ. ನನಗೆ ಆ ಹೊತ್ತು ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು.

ಇನ್ನು ತಬಲಾ ಅಳಿಸಬೇಕು. ಆ ಕಾಲದ ಚಿಪ್ಪಿನ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಅದರೊಳಕ್ಕೆ ನೇರಳೆ ಬೆಳಕಿನ ವಿಶೇಷ ದೀಪ ಹಾಯಿಸಿದರೆ ಇಪ್ಪತ್ತು ನಿಮಿಷದಲ್ಲಿ ಹಳೆಯದೆಲ್ಲ ಅಳಿದು ಹೊಸತು ಬರೆಯಬಹುದು. ಬರೆಯುವ ಸಾಧನವನ್ನು ಡಿಪ್ಲೊಮಾ ಓದುವಾಗಲೇ ಜೋಡಿಸಿಕೊಂಡಿದ್ದೆ, ಆ ದೀಪ ಬೈಂದೂರಿನಲ್ಲಿ ಎಲ್ಲಿದೆ? ಇನ್ನೊಂದು ದಾರಿ ಬಿಸಿಲು. ಖಾರ ಬಿಸಿಲಿನಲ್ಲಿ ಐದಾರು ದಿನ ಇಟ್ಟರೂ ಅಳಿಯುತ್ತದೆ.

"ಆಸಾಡಿಯಗೆ ಬಿಸ್ಲ್ ಹುಡ್ಕುಕ್ ಹೊರ್ಟಳ್ ಕಾಣಿ!" ಎಂದು ಅಪ್ಪಯ್ಯ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಾಡಿದರು.

ಅಂಗಡಿಯ ಸುತ್ತ ಮರಗಳ ನೆರಳು. ಗಿರಿಜಕ್ಕನ ಅಂಗಳ ಕಡಲಿಗೆ ತೆರೆದದ್ದು, ಮೋಡ ಹರಿದರೆ ಮೊದಲು ಬಿಸಿಲು ಬೀಳುವುದು ಅಲ್ಲಿಗೆ. ಹಾಗಾಗಿ ಚಿಪ್ಪನ್ನು ಅವಳ ಕೈಗೇ ಕೊಟ್ಟೆ. ಬಿಸಿಲು ಬಂದಾಗ ಇಡುವುದು, ಹನಿ ಬಿದ್ದರೆ ಒಳಗೆ ತರುವುದು, ಅಷ್ಟೇ ಹೇಳಿದ್ದೆ. ಮಳೆಗಾಲದ ಬಿಸಿಲನ್ನು ಹಿಡಿಯುವುದರಲ್ಲಿ ಅವಳಿಗಿಂತ ಪಳಗಿದವರಿಲ್ಲ ಎಂಬ ನಂಬಿಕೆ ನನಗೆ. ಹತ್ತು ದಿನ ಬಿಟ್ಟು ಅವಳು ಚಿಪ್ಪು ತಂದಾಗ ಅದಕ್ಕೆ ಒಣ ಚಟ್ಲಿಯ ವಾಸನೆ ಹೊಡೆಯುತ್ತಿತ್ತು. ನಾನು ಮೂಗು ಮುಚ್ಚಿಕೊಂಡೇ ಬಚ್ಚಣ್ಣನ ಸ್ವರವನ್ನು ಬರೆದು, ಬೋರ್ಡಿಗೆ ಕೂರಿಸಿ, ಅವರ ಮನೆಗೆ ಒಯ್ದೆ.

ಗಾಳಿಗೆ ಕಂಬ ಬಿದ್ದು ಕರೆಂಟಿಲ್ಲದ ದಿನ. ಬೈಕಿನ ಬ್ಯಾಟರಿ ಜೋಡಿಸಿದೆ. ಅಕ್ಕಣಿಯಮ್ಮ ಚಾವಡಿಯಲ್ಲಿ ಕಾಲು ನೀಡಿ ಕೂತಿದ್ದಳು. ಬಚ್ಚಣ್ಣ ಮೊದಲ ಕೀಲಿ ಒತ್ತಿದ. "ಹ್ವಾ-ಧಿನ್-ಯ್" ಅಂದಿತು ಯಂತ್ರ. ಎರಡನೆಯದು ಒತ್ತಿದ. "ಬ-ಧಾ-ತ್ತೆ." ಅಕ್ಕಣಿಯಮ್ಮ ಕಿವಿ ನಿಮಿರಿಸಿದಳು.

"ಯಾರೇ ಗಿರಿಜಾ, ಭಜನಿಯವ್ರ್ ಬಂದ್ರಾ? ಒಳಗ್ ಕರಿ, ಮಳಿಯಗ್ ನಿಲ್ಸ್ಬೇಡ."

ಗಿರಿಜಕ್ಕನಿಗೆ ನಗು ತಡೆಯಲಾಗಲಿಲ್ಲ. ಬಚ್ಚಣ್ಣನೂ ನಕ್ಕ; ಸದ್ದಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ನಾನೊಬ್ಬಳೇ ನಗಲಿಲ್ಲ. ಎಲ್ಲಿಟ್ಟಿದ್ದೆ ಇದನ್ನು ಎಂದು ಗಿರಿಜಕ್ಕನನ್ನು ಕೇಳಿದೆ.

"ಚಟ್ಲಿ ಒಟ್ಟಿಗೇ, ಚಾಪಿ ಮೇಲ್. ಒಣ್ಗುಕ್ ಹಾಕುದೆಲ್ಲ ಅಲ್ಲೇ ಅಲ್ದಾ?"

"ಹೀಂಗೇ ಇಟ್ಟಿದ್ಯಾ? ಗಾಜ್ ಮೇಲ್ ಮಾಡಿ?"

"ಇಲ್ಲಪ್ಪ, ಆಗಾಗ ಮಗ್ಚಿ ಹಾಕ್ತಿದ್ದೆ. ಒಂದೇ ಬದಿ ಒಣಗ್ರೆ ಹ್ಯಾಂಗ್?"

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅರ್ಧ ಹೊತ್ತು ಚಿಪ್ಪಿನ ಕಿಟಕಿ ಚಾಪೆಗೆ ಮುಖ ಮಾಡಿತ್ತು, ಉಳಿದರ್ಧ ಹೊತ್ತು ಚಟ್ಲಿಯ ಜಿಡ್ಡು ಬೆಳಕನ್ನು ತಡೆದಿತ್ತು. ತಬಲಾ ಅರ್ಧ ಅಳಿದು ಅರ್ಧ ಉಳಿದದ್ದು ಹಾಗೆ. ಬೈಯಲೂ ಬಾಯಿ ಬರಲಿಲ್ಲ. ಅವಳು ತಾನು ಕಲಿತ ಕೆಲಸವನ್ನು ತಪ್ಪಿಲ್ಲದೆ ಮಾಡಿದ್ದಳು, ಹೇಳಿಕೊಡಬೇಕಾದವಳು ನಾನು ಹೇಳಿರಲಿಲ್ಲ.

ಜುಲೈ ನಡುವೆ ದೇವರು ಕಣ್ಣು ಬಿಟ್ಟ ಹಾಗೆ ಒಂದು ವಾರ ಬಿಸಿಲು ಕಾಯಿತು. ಈ ಸಲ ಸ್ಟೀಲಿನ ತಟ್ಟೆಯಲ್ಲಿ, ಚಿಪ್ಪೊಂದನ್ನೇ, ಕಿಟಕಿ ಮೇಲೆ ಮಾಡಿ. ಏಳನೆಯ ದಿನ ಪರೀಕ್ಷಿಸಿದೆ, ಪೂರ್ತಿ ಖಾಲಿ. ಮತ್ತೆ ಬರೆದೆ. ಮತ್ತೆ ಅದೇ ಚಾವಡಿ.

"ಹ್ವಾಯ್!"

ಅಕ್ಕಣಿಯಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಂತಿತು.

"ಬಚ್ಚಾ?"

"ಬತ್ತೆ."

ನಾನು ಡಿಪ್ಲೊಮಾ ಪಾಸಾದ ದಿನವೂ ಅಷ್ಟು ಸಂತೋಷಪಟ್ಟಿರಲಿಲ್ಲ. ಅಕ್ಕಣಿಯಮ್ಮ ಮಾತಾಡಿದಳು, ಮಾತಾಡಿದಳು. ಮೂರು ತಿಂಗಳಿನದ್ದೆಲ್ಲ ಕಟ್ಟೆಯೊಡೆದು ಬಂತು. ನೆರೆಮನೆಯ ಮದುವೆ, ತನ್ನ ಮೊಣಕಾಲು, ಗಿರಿಜೆ ಸಾರಿಗೆ ಉಪ್ಪು ಜಾಸ್ತಿ ಹಾಕುವುದು. ಬಚ್ಚಣ್ಣ ಎಲ್ಲಕ್ಕೂ "ಹೌದ್", "ಆಯ್ತ್", ನಡುವೆ ಒಂದು ನಗು. ಆ ಮಧ್ಯಾಹ್ನ ಅವಳು ಹೊಟ್ಟೆ ತುಂಬ ಉಂಡಳು. ನನಗೂ ಅಲ್ಲೇ ಊಟ ಆಯಿತು. ಸಾರಿಗೆ ಉಪ್ಪು ನಿಜವಾಗಿ ಜಾಸ್ತಿಯಿತ್ತು.

ಹದಿನೈದು ದಿನ ಎಲ್ಲ ಸರಿಯಿತ್ತು. ಆಮೇಲೆ ಮಳೆ ಮತ್ತೆ ಹಿಡಿಯಿತು. ಆ ಮಳೆಯಲ್ಲಿ ಗಿರಿಜಕ್ಕ ಬೋರ್ಡನ್ನು ಚೀಲದಲ್ಲಿ ಸುತ್ತಿಕೊಂಡು, ಸೋತ ಮುಖ ಹೊತ್ತು ಅಂಗಡಿಗೆ ಬಂದಳು. ಅಕ್ಕಣಿಯಮ್ಮ ಮಗನ ಹತ್ತಿರ ಒಂದು ಪ್ರಶ್ನೆ ಕೇಳಿದ್ದಳಂತೆ: "ಐದ್ ತಿಂಗ್ಳ್ ನಾನೇ ತಡ್ದದ್. ನನ್ ಮೇಲ್ ಸಿಟ್ಟ್ ಇತ್ತಾ ಮಗಾ?" ಬಚ್ಚಣ್ಣ ಬ್ಯಾಟರಿಯ ವಯರು ಕಿತ್ತು, ಎದ್ದು ದಂಡೆಯ ಕಡೆಗೆ ನಡೆದಿದ್ದ. ಅವತ್ತಿನಿಂದ ಅವನು ಯಂತ್ರ ಮುಟ್ಟಿಲ್ಲ, ಅವಳು ಅನ್ನ ಮುಟ್ಟಿಲ್ಲ.

"ಇವ್ರಿಗ್ ಸಿಟ್ಟಿಲ್ಲೆ ಅಂದ್ ನಾ ಹೇಳ್ದೆ. ‘ನೀ ಹೇಳುದಲ್ಲ, ಅವ ಹೇಳ್ಕ್’ ಅಂತ್ ಅತ್ತಿ."

ಚಿಪ್ಪಿನಲ್ಲಿ "ಹೌದ್" ಇತ್ತು. "ಇಲ್ಲೆ" ಇರಲಿಲ್ಲ. ಟೇಪಿನಲ್ಲಿ ಅದು ಇತ್ತು. ತೀರ ಕಡಿಮೆಗೆ ಕೂಗಿದ ಯಾರಿಗೋ ಬಚ್ಚಣ್ಣ ನಗುತ್ತಾ "ಇಲ್ಲೆ" ಅಂದದ್ದು ಈಗಲೂ ನನ್ನ ಕಿವಿಯಲ್ಲಿದೆ. ಮನುಷ್ಯನಿಗೆ ಎಂಟು ಸೆಕೆಂಡಿನ ಬಾಯಿ ಕೊಟ್ಟು, ಅದರಲ್ಲಿ ಇಲ್ಲ ಅನ್ನುವ ಮಾತನ್ನೇ ಇಡದ ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಅನ್ನಿಸಿತು. ಹೊಸತು ಸೇರಿಸಲು ಜಾಗವಿಲ್ಲ. ಮೊದಲಿನಿಂದ ಅಳಿಸಬೇಕು. ಹೊರಗೆ ನೋಡಿದರೆ ಎದುರಿನ ಅಂಗಡಿಯೇ ಕಾಣದಂಥ ಮಳೆ. ಒಂದು ವಾರ ಕಾದೆ, ಒಂದು ತಾಸಿನ ಬಿಸಿಲೂ ಸಿಗಲಿಲ್ಲ. ಅತ್ತೆ ಗಂಜಿಯ ನೀರಿನಲ್ಲೇ ಇದ್ದಾಳೆ ಎಂದು ಗಿರಿಜಕ್ಕ ಹೇಳಿ ಕಳುಹಿಸಿದಳು.

ದಾರಿ ತೋರಿಸಿದವರು ಅಪ್ಪಯ್ಯ. ಕುಂದಾಪುರದಲ್ಲೊಬ್ಬರು ಹಲ್ಲಿನ ಡಾಕ್ಟರು ನಮ್ಮಲ್ಲಿ ರೇಡಿಯೋ ಸರಿಮಾಡಿಸಿದ್ದರು. ಅವರ ಕ್ಲಿನಿಕ್ಕಿನಲ್ಲಿ ಚಿಮಟಿಗಳನ್ನು ಕ್ರಿಮಿ ಸಾಯಲೆಂದು ಇಡುವ ಪೆಟ್ಟಿಗೆಯೊಳಗೆ ನೇರಳೆ ದೀಪ ಉರಿಯುವುದನ್ನು ಅಪ್ಪಯ್ಯ ಕಂಡಿದ್ದರಂತೆ. ಮರುದಿನ ಬೆಳಿಗ್ಗೆ ಚಿಪ್ಪನ್ನು ಹತ್ತಿಯಲ್ಲಿ ಸುತ್ತಿ, ಖಾಲಿ ಕುಂಕುಮದ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆ. ದವಡೆ ಹಿಡಿದುಕೊಂಡು ಕೂತ ನಾಲ್ಕು ಜನರ ನಡುವೆ ಸರದಿಗೆ ಕಾದೆ.

ಡಾಕ್ಟರು ಡಬ್ಬಿ ಬಿಚ್ಚಿ ಚಿಪ್ಪಿನ ಎರಡು ಸಾಲು ಕಾಲುಗಳನ್ನು ನೋಡಿದರು.

"ಇದ್ಕ್ ಹಲ್ಲ್ ಎಷ್ಟ್ ಮಾರಾಯ್ತಿ?"

"ಇಪ್ಪತ್ತೆಂಟ್."

"ಬುದ್ಧಿಹಲ್ ಇನ್ನೂ ಬರ್ಲಿಲ್ಲ ಹಾಂಗಾರೆ," ಎಂದು ಚಿಮಟಿಗಳ ಪಕ್ಕದಲ್ಲಿ ಮಲಗಿಸಿ ಪೆಟ್ಟಿಗೆ ಮುಚ್ಚಿದರು. ದೀಪ ಉರಿಯುತ್ತಿದ್ದಾಗ ಏನು ಎತ್ತ ಎಂದು ವಿಚಾರಿಸಿದರು. ನಾನು ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ ಒಂದು ಮಾತು ಕೇಳಿದರು.

"ಅಲ್ಲ, ಅಬ್ಬಿ ಕೈ ಹಿಡ್ಕಂಡ್ ಎರಡ್ ಸಲ ತಟ್ಟಿ, ಇಲ್ಲೆ ಅಂದ್ ತಿಳ್ಸುಕ್ ಆತಿಲ್ಯಾ ಅವ್ನಿಗೆ? ಅದ್ಕ್ ಮಿಷನ್ ಎಂತಕ್?"

ಎರಡು ತಿಂಗಳು ಬೋರ್ಡು, ವಯರು, ಬಿಸಿಲು ಎಂದು ಒದ್ದಾಡಿದವಳಿಗೆ ಆ ಮನೆಯಲ್ಲಿ ಎರಡು ಕೈಗಳೂ ಇವೆ ಎಂದು ಹೊಳೆದೇ ಇರಲಿಲ್ಲ. ವಾಪಸು ಬರುವ ದಾರಿಯಲ್ಲಿ ಬಸ್ಸಿನ ಗಾಜಿನ ಮೇಲೆ ಮಳೆ ಹೊಡೆಯುತ್ತಿತ್ತು, ನನ್ನ ತಲೆಯಲ್ಲಿ ಅದೊಂದೇ ಪ್ರಶ್ನೆ. ಬೈಂದೂರಿಗೆ ಹೋಗದೆ ಕಿರಿಮಂಜೇಶ್ವರದಲ್ಲೇ ಇಳಿದೆ.

ಬಚ್ಚಣ್ಣ ಮನೆಯ ಹೊರಗೆ, ಮಾಡಿನ ಕೆಳಗೆ ಬಲೆ ಸರಿಮಾಡುತ್ತಾ ಕೂತಿದ್ದ. ಚಿಪ್ಪು ಖಾಲಿಯಾಗಿದೆ, ಇವತ್ತೇ ಬರೆದು ನಾಳೆ ತರುತ್ತೇನೆ, "ಇಲ್ಲೆ" ಬಿಟ್ಟುಹೋದದ್ದು ನನ್ನ ತಪ್ಪು, ಕ್ಷಮಿಸಬೇಕು ಅಂದೆ. ಅವನು ಬಲೆಯನ್ನು ಬದಿಗಿಟ್ಟ. ಆಮೇಲೆ ಸ್ಲೇಟು ಎಳೆದುಕೊಂಡ.

"ನೀ ಮರ್ತದ್ದಲ್ಲ. ನಾನೇ ಬೆರಳ್ ಎತ್ತಲಿಲ್ಲ."

ನಾನು ಓದಿದೆ. ಅಂಗೈಯಿಂದ ಒರೆಸಿ ಮತ್ತೆ ಬರೆದ.

"ಅಬ್ಬಿ ಕೇಂತ್ ಅಂದ್ ಗೊತ್ತಿತ್. ಸಿಟ್ಟ್ ಈಗ್ಳೂ ಇತ್ತ್. ಇಲ್ಲೆ ಅಂದ್ರೆ ಸುಳ್ಳಾತ್ತ್."

ಆಗ ನನಗೆ ಇಪ್ಪತ್ತೆರಡು. ಒಳಗಿನಿಂದ ಅಕ್ಕಣಿಯಮ್ಮ ಕೆಮ್ಮಿದ್ದು ಕೇಳಿಸಿತು. ಒಂದು ಮಾತು ಸೇರಿಸಬೇಕಾದರೆ ಒಂದು ಮಾತು ತೆಗೆಯಬೇಕು, ಯಾವುದನ್ನು ತೆಗೆಯಲಿ, ನಗುವನ್ನೇ ಎಂದು ಕೆಲಸದ ಮಾತಿಗೆ ಬಂದೆ. ನನಗೆ ಬರುತ್ತಿದ್ದದ್ದು ಅದೊಂದೇ. ಬಚ್ಚಣ್ಣ ನನ್ನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗೆ ಎರಡು ಸಲ ಓದಿದ. "ಹೌದ್" ಎಂಬುದರ ಮೇಲೆ ಗೀಟು ಎಳೆದು ವಾಪಸು ಕೊಟ್ಟ.

ಮರುದಿನ ಹತ್ತು ಗಂಟೆಗೆ ಬೋರ್ಡು ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಚಾವಡಿಯ ಮೂಲೆಗೆ ಸರಿದು ನಿಂತೆ. ಅಕ್ಕಣಿಯಮ್ಮ ಗೋಡೆಗೆ ಒರಗಿದ್ದಳು. ತೀರ ಇಳಿದುಹೋಗಿದ್ದಳು. ಬಚ್ಚಣ್ಣ ಯಂತ್ರವನ್ನು ಅವಳ ಹತ್ತಿರಕ್ಕೆ ಸರಿಸಿ ಎದುರು ಕೂತು "ಹ್ವಾಯ್" ಒತ್ತಿದ. ಅವಳು ಮುಖ ತಿರುಗಿಸಿದಳು. ನಾವೆಲ್ಲ ಆ ಪ್ರಶ್ನೆಗೆ ಕಾದೆವು. ಅವಳು ಅದನ್ನು ಕೇಳುವುದನ್ನೇ ಬಿಟ್ಟಿದ್ದಳು. ಉತ್ತರ ಬಂದು ಕೂತಿತ್ತು, ಪ್ರಶ್ನೆ ಇರಲಿಲ್ಲ.

ಬಚ್ಚಣ್ಣನ ಬೆರಳು ಕೀಲಿಯ ಮೇಲೆ ನಿಂತೇ ಇತ್ತು. ಆಮೇಲೆ ಒತ್ತಿದ.

"ಇಲ್ಲೆ."

ನಗುತ್ತಾ ಹೇಳಿದ, ದಂಡೆಯ ಗಾಳಿ ಹೊಕ್ಕ, ಗಟ್ಟಿ ಸ್ವರದ "ಇಲ್ಲೆ".

"ಎಂತ ಇಲ್ಲೆ?" ಅಂದಳು ಅಕ್ಕಣಿಯಮ್ಮ.

"ಇಲ್ಲೆ."

ಅವಳು ಕೈ ಚಾಚಿ ತಡಕಾಡಿ ಮಗನ ಮೊಣಕಾಲು ಹುಡುಕಿಕೊಂಡಳು. "ಐದ್ ತಿಂಗ್ಳ್, ಬಚ್ಚಾ. ಮುಂಚೆ ಹೋರೆ ಸ್ವರ ಉಳಿತಿತ್ ಅಂದ್ರಂಬ್ರ್ ಡಾಕ್ಟ್ರ್."

"ಇಲ್ಲೆ."

ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಬಚ್ಚಣ್ಣನ ಮುಖ ಒದ್ದೆಯಾಗಿತ್ತು, ಸ್ವರ ಮಾತ್ರ ನಗುತ್ತಲೇ ಇತ್ತು.

"ನೀ ಸುಳ್ ಹೇಳುಕ್ ಕಲ್ತಿದ್ದೆ," ಅಂದಳು ಅಕ್ಕಣಿಯಮ್ಮ. ಮಗನ ಮೊಣಕಾಲನ್ನು ಬಿಡಲಿಲ್ಲ. "ಅಡ್ಡಿಲ್ಲೆ. ಇನ್ನೊಂದ್ ಸಲ ಹೇಳ್."

ಬಚ್ಚಣ್ಣ ಒತ್ತಿದ.